ಹಸಿರಾಗದ ಮಣಿ

ಅಕ್ಕೋರು ನೀರಿನ ಲೋಟದಲ್ಲಿ ಪೆನ್ಸಿಲ್ ಇಳಿಬಿಟ್ಟು, "ಪೆನ್ಸಿಲ್ ಮುರದೈತೇನು?" ಎಂದು ಕೇಳಿದರು. ಎರಡನೆಯ ತರಗತಿಯ ಮಕ್ಕಳೆಲ್ಲ ಒಂದೇ ದನಿಯಲ್ಲಿ "ಮುರದೈತ್ರೀ!" ಎಂದರು. ಅಕ್ಕೋರು ಪೆನ್ಸಿಲನ್ನು ಹೊರಗೆ ತೆಗೆದು ತೋರಿಸಿದ್ದೇ ತಡ, ಮಕ್ಕಳ ಹಣೆಯ ಮೇಲಿನ ಮಣಿಗಳು ಒಂದೊಂದಾಗಿ ಹಸಿರು ಬೆಳಕು ಬಿಟ್ಟವು. ಕಿಟಕಿಯ ಪಕ್ಕ ಕುಳಿತಿದ್ದ ಇಂಪನಾಳ ಮಣಿ ಮಾತ್ರ ಬೆಳ್ಳಗೇ ಇತ್ತು. ನೀರಿನೊಳಗೆ ಬೆಳಕು ಬಾಗುತ್ತದೆಂಬುದು ಅವಳಿಗೆ ನಾಲ್ಕನೆಯ ವಯಸ್ಸಿನಲ್ಲೇ ಗೊತ್ತಾಗಿತ್ತು.

ಮಣಿ ಇರುತ್ತಿದ್ದದ್ದು ಹಣೆಗೆ ಕಟ್ಟುವ ಕಲಿಕೆಪಟ್ಟಿಯ ಮೇಲೆ. ನಾವು ಒಂದು ಎಣಿಸಿ ಇನ್ನೊಂದಾದಾಗ ನಮ್ಮ ಮಿದುಳು ತನ್ನೊಳಗಿನ ನರಗಳ ಜೋಡಣೆಯನ್ನು ತುಸು ತಿದ್ದಿಕೊಳ್ಳುತ್ತದೆ. ಕಲಿಯುವುದೆಂದರೆ ಬಹುಮಟ್ಟಿಗೆ ಇದೇ. ತಿದ್ದಿಕೊಳ್ಳುವ ಆ ಗಳಿಗೆಯಲ್ಲಿ ಏಳುವ ಸಣ್ಣ ವಿದ್ಯುತ್ ಅಲೆಯನ್ನು ಪಟ್ಟಿ ಹಿಡಿಯುತ್ತಿತ್ತು, ಮಣಿ ಹಸಿರಾಗುತ್ತಿತ್ತು. ಧಾರವಾಡದ ನರವಿಜ್ಞಾನಿ ಗಿರಿಜಾ ಹಂಪಣ್ಣವರ ಇದನ್ನು ಕಂಡುಹಿಡಿದ ಮೇಲೆ ಪರೀಕ್ಷೆ, ಅಂಕ, ರ‍್ಯಾಂಕುಗಳೆಲ್ಲ ಶಾಲೆ ಬಿಟ್ಟು ಹೋದವು. ಪರೀಕ್ಷೆ ಹೋಯಿತೆಂದು ಹಬ್ಬ ಮಾಡಿದ ತಂದೆತಾಯಿಯರೇ ತಿಂಗಳು ಕಳೆಯುವುದರೊಳಗೆ, ನಮ್ಮ ಮಗು ದಿನಕ್ಕೆ ಎಷ್ಟು ಹಸಿರಾಯಿತೆಂಬುದನ್ನು ನಮ್ಮ ಫೋನಿಗೆ ಕಳಿಸಿ ಎಂದು ಪಟ್ಟು ಹಿಡಿದರು. ಶಾಲೆಗಳು ಕಳಿಸತೊಡಗಿದವು. ಅಲ್ಲಿಗೆ ಹಬ್ಬ ಮುಗಿಯಿತು.

ಇಂಪನಾಳ ತಾಯಿ ಸ್ನೇಹಲತಾ ಹುಬ್ಬಳ್ಳಿಯ ರೈಲ್ವೆ ವರ್ಕ್‌ಶಾಪಿನಲ್ಲಿ ಬೋಗಿಗಳ ಬ್ರೇಕ್ ಪರೀಕ್ಷಿಸುವ ಇಂಜಿನಿಯರ್. ಮಾಪಕದ ಮುಳ್ಳು ಎಲ್ಲಿ ನಿಂತಿತೋ ಅದೇ ಸತ್ಯ ಎಂದು ನಂಬಿ ಕೆಲಸ ಮಾಡುವವಳು. ಹಸಿರಿನ ಲೆಕ್ಕ ತೋರಿಸುವ ಮಗಳ ಗೆರೆ ಫೋನಿನಲ್ಲಿ ನೆಲಕ್ಕೆ ಅಂಟಿಕೊಂಡು ಮಲಗಿದ್ದನ್ನು ದಿನಾ ಸಂಜೆ ನೋಡಿ ಅವಳ ಮೈ ಉರಿಯುತ್ತಿತ್ತು. ಬೆಳೆಯುವ ಸಿರಿ ಮೊಳಕೆಯಲ್ಲೇ ಕಂಡಿತ್ತಲ್ಲ! ಮೂರು ವರ್ಷಕ್ಕೆ ಅಂಗಡಿಗಳ ಬೋರ್ಡು ಓದಿದ ಕೂಸು, ಐದಕ್ಕೆ ಮಗ್ಗಿ ಹೇಳಿದ ಕೂಸು, ಶಾಲೆಗೆ ಸೇರಿದ ಮೇಲೆ ನಿಂತ ನೀರಾಯಿತೇ? ಗಂಡನಿಗೆ ಹೇಳಿದರೆ, "ಆಡಿಕೋತ ಇರಲಿ ಬಿಡ" ಎಂದು ಅವನು ಮಗ್ಗುಲಾದ. ಅವಳು ಶಾಲೆಗೆ ಹೋದಳು.

"ನಿಮ್ಮ ಹುಡುಗಿ ಭಾಳ ಶಾಣ್ಯಾಕಿ ಅದಾಳ್ರೀ," ಎಂದರು ಅಕ್ಕೋರು. "ನಾ ಹೇಳೂದೆಲ್ಲಾ ಆಕಿಗೆ ಮೊದಲ ಗೊತ್ತಿರತದ. ಚಿಂತಿ ಯಾಕ ಮಾಡ್ತೀರಿ?"

"ಗೊತ್ತಿರತದ ಅಂದಮ್ಯಾಲೆ ಹೊಸಾದು ಹೇಳಿಕೊಡ್ರಿ. ಇಲ್ಲಾ ಮೂರನೇತ್ತಕ್ಕ ಹಾಕ್ರಿ."

"ವಯಸ್ಸು ಆಗೂ ತನಕ ಮ್ಯಾಲಿನ ಕ್ಲಾಸಿಗೆ ಹಾಕೂ ಹಂಗಿಲ್ರಿ. ನಮ್ಮ ಕಡೆ ಒಂದು ಪದ್ಧತಿ ಐತಿ, ಗೊತ್ತಿದ್ದವರು ಗೊತ್ತಿಲ್ಲದವರಿಗೆ ಹೇಳಿಕೊಡೂದು. ಇಂಪನಾ ಈಗ ಸಣ್ಣ ಅಕ್ಕೋರು. ಚಿನ್ಮಯಿ ಅನ್ನೂ ಹುಡುಗಿಗೆ ಆಕಿನ ಕಲಸಾಕತ್ತಾಳ. ಚಿನ್ಮಯಿ ಗೆರಿ ಹೆಂಗ ಏರೇತಿ ನೋಡ್ರಿ!"

"ನನ್ನ ಮಗಳನ್ನ ಕಲಿಯಾಕ ಕಳಿಸೇನ್ರಿ, ನಿಮ್ಮ ಕೆಲಸಾ ಮಾಡಾಕಲ್ಲ," ಎಂದು ಸ್ನೇಹಲತಾ ಎದ್ದು ಬಂದಳು. ಹಲ್ಲಿದ್ದವರಿಗೆ ಕಡಲೆ ಇಲ್ಲ ಅನ್ನುವುದು ಇದಕ್ಕೇ ಇರಬೇಕು ಎಂದು ದಾರಿಯುದ್ದಕ್ಕೂ ಗೊಣಗಿದಳು. ಮನೆಯಲ್ಲಿ ಮಗಳ ಮೇಲೆ ರೇಗಿದಳು. "ಎಲ್ಲಾರದೂ ಏರತೈತಿ, ನಿಂದ್ಯಾಕ ಏರಂಗಿಲ್ಲ? ಲಕ್ಷ್ಯ ಕೊಟ್ಟು ಕಲಿ!" ಮಗಳು ತಲೆಯಾಡಿಸಿದಳು. ಹೇಗೆ ಎಂದು ಕೇಳಲಿಲ್ಲ.

ದಸರೆ ರಜೆ ಮುಗಿದ ವಾರದಲ್ಲಿ ಗೆರೆ ಎದ್ದಿತು. ಮೊದಲು ತುಸು, ಆಮೇಲೆ ದಿನದಿನಕ್ಕೂ ಮೇಲೆ. ತರಗತಿಗೇ ಮೊದಲನೆಯದಾಯಿತು. ತನ್ನ ಜಗಳ ಫಲ ಕೊಟ್ಟಿತೆಂದು ಸ್ನೇಹಲತಾ ಬೀಗಿದಳು. ವರ್ಕ್‌ಶಾಪಿನಲ್ಲಿ ಧಾರವಾಡ ಪೇಢೆ ಹಂಚಿದಳು. ಹಲವು ತಿಂಗಳ ಸಿಟ್ಟು ಇಳಿದು ಮನೆಗೇ ಉಸಿರು ಬಂದಂತಾಯಿತು.

ದೀಪಾವಳಿಗೆ ಚಕ್ಕುಲಿ ಒತ್ತುತ್ತ ಅವಳು ಮಗಳನ್ನು ಕೇಳಿದಳು. "ಏಳು ಸಾಲು, ಸಾಲಿಗೆ ಎಂಟೆಂಟು. ಎಷ್ಟಾತು ಪುಟ್ಟಿ?"

"ಐವತ್ನಾಕು."

ಸ್ನೇಹಲತಾ ನಕ್ಕಳು. ಮಗಳು ನಗಲಿಲ್ಲ. ತಾಯಿಗೆ ಅನುಮಾನ ಬಂದು, ಸೂರ್ಯ ಯಾವ ದಿಕ್ಕಿಗೆ ಹುಟ್ಟುತ್ತಾನೆಂದು ಕೇಳಿದಳು. ಇಂಪನಾ ಬಹಳ ಹೊತ್ತು ಯೋಚಿಸಿದಳು. "ಪಶ್ಚಿಮಕ್ಕ ಅಲ್ಲಾ? ಇಲ್ಲಾ… ಪೂರ್ವಕ್ಕೋ?" ಎಂದಳು, ಅಳು ಬರುವಂತಾಗಿ.

ಒಲೆಯ ಮೇಲಿದ್ದ ಎಣ್ಣೆ ಹೊಗೆಯಾಡತೊಡಗಿತು. ಸ್ನೇಹಲತಾಳಿಗೆ ಮಗಳ ತಲೆಯೊಳಗೇ ಏನೋ ಕೆಟ್ಟಿದೆ ಎಂಬ ಹೆದರಿಕೆ ಹುಟ್ಟಿತು. ಪಟ್ಟಿಯಿಂದಲೇ ಕೆಟ್ಟಿರಬೇಕು. ಹಬ್ಬ ಮುಗಿದದ್ದೇ ಮಗಳನ್ನು ಕರೆದುಕೊಂಡು ಧಾರವಾಡಕ್ಕೆ, ಪಟ್ಟಿ ಮಾಡಿದವರ ಬಳಿಗೇ ಹೋದಳು.

ಗಿರಿಜಾ ಹಂಪಣ್ಣವರ ಎಪ್ಪತ್ತು ದಾಟಿದ ಹೆಂಗಸು. ಪ್ರಯೋಗಾಲಯದಲ್ಲಿ ಮಗುವಿನ ಮಿದುಳಿನ ಚಿತ್ರ ತೆಗೆಸಿ, ನಿಧಾನವಾಗಿ ನೋಡಿ, "ಏನೂ ಕೆಟ್ಟಿಲ್ಲವ್ವಾ ತಂಗಿ. ಕೂಸು ಗಟ್ಟಿ ಅದ," ಎಂದರು. ಆಮೇಲೆ ಇಂಪನಾಳನ್ನು ಪಕ್ಕದಲ್ಲಿ ಕೂಡಿಸಿಕೊಂಡು, "ಏಳೆಂಟ್ಲೆ ಎಷ್ಟು ಅಂತ ನಿನಗ ಮೊದಲ ಬರತಿತ್ತಲ್ಲ, ಈಗ ಏನಾತು?" ಎಂದು ಕೇಳಿದರು.

ಇಂಪನಾ ತಾಯಿಯತ್ತ ನೋಡದೆ ಹೇಳಿದಳು. "ಚಿನ್ಮಯಿ ತಪ್ಪು ಹೇಳ್ತಾಳ್ರಿ. ನಾ ಸರಿ ಹೇಳಿಕೊಡ್ತೇನಿ. ಆಗ ಆಕಿ ಮಣಿ ಹಸಿರು ಆಗತದ, ನಂದು ಆಗಂಗಿಲ್ಲ. ಯಾಕಂದ್ರ ನನ್ನ ಕಡೆ ತಪ್ಪ ಇಲ್ಲ. ಅದಕ ನಾನೂ ತಪ್ಪು ಕಲಿತೆ."

"ಹೆಂಗ ಕಲಿತಿ?"

"ರಜಾದಾಗ ತಪ್ಪು ಮಗ್ಗಿ ಬಾಯಿಪಾಠ ಮಾಡಿದೆ. ಈಗ ಸಾಲಿ ಬಸ್ಸಿನಾಗ ಮಾಡ್ತೇನಿ. ಖರೇ ಅನಸೂ ತನಕ ಮಾಡಬೇಕ್ರಿ, ಸುಮ್ಮನ ಹೇಳಿದ್ರ ಆಗಂಗಿಲ್ಲ. ಆಮ್ಯಾಲೆ ಅಕ್ಕೋರು ಸರಿ ಹೇಳಿದಾಗ ಹಸಿರು ಬರತದ. ಮರುದಿನ ಮತ್ತ ತಪ್ಪು ಕಲೀತೇನಿ." ಆಮೇಲೆ, "ಈಗ ಒಮ್ಮೊಮ್ಮೆ ಯಾವದು ಖರೇ ಅಂತ ಗೊತ್ತಾಗೂದಿಲ್ಲ," ಎಂದಳು.

ಸ್ನೇಹಲತಾ ಸಿಟ್ಟಿನಿಂದ ಗಿರಿಜಾರ ಕಡೆ ತಿರುಗಿದಳು. "ಇಷ್ಟು ದಿನಾ ಸುಳ್ಳು ಗೆರಿ ತೋರಿಸಿದ್ರಲ್ರೀ! ಇಂಥಾ ಯಂತ್ರ ಯಾಕ ಬೇಕಿತ್ತು?"

"ಯಂತ್ರ ಸುಳ್ಳು ಹೇಳಿಲ್ಲವ್ವಾ. ಆಕಿ ದಿನಾ ಖರೇನ ಕಲತಾಳ, ಅದನ್ನ ತೋರಿಸೇತಿ. ಏನು ಕಲತಾಳ ಅಂತ ಅದಕ್ಕ ಗೊತ್ತಿಲ್ಲ." ಗಿರಿಜಾ ಇಂಪನಾಳ ಹಣೆಯ ಮಣಿ ಮುಟ್ಟಿದರು. "ಪಾಠ ಎಲ್ಲಿ ಸಿಕ್ಕೊಂಡೇತಿ ಅಂತ ಅಕ್ಕೋರಿಗೆ ಗೊತ್ತಾಗಲಿ ಅಂತ ನಾ ಇದನ್ನ ಮಾಡಿದ್ದು. ಬಿಳಿ ಮಣಿ ಕಂಡ್ರ ಅವರು ಪಾಠಾ ಬದಲಿ ಮಾಡಬೇಕಾಗಿತ್ತು. ಎಲ್ಲಾರೂ ಕೂಡಿ ಕೂಸಿನ್ನ ಬದಲಿ ಮಾಡಿದ್ರಿ. ಏಳು ವರ್ಷದಾಕಿ ನೋಡಿ ನೋಡಿ ನನ್ನ ಯಂತ್ರದ ಗುಟ್ಟು ತಿಳಕೊಂಡಾಳ. ನನಗ ಅದಕ್ಕ ಇಪ್ಪತ್ತು ವರ್ಷ ಹಿಡದಿತ್ತು. ಆ ಗುಟ್ಟು ಖರೇ ಆದ ದಿನ ಆಕಿ ಮಣಿ ಎಷ್ಟು ಹಸಿರಾಗಿತ್ತೋ ಏನೋ, ಯಾರು ನೋಡಿದ್ರು?"

ಸ್ನೇಹಲತಾ ನೋಡಿದ್ದಳು. ಗೆರೆ ಮೊದಲ ಬಾರಿಗೆ ಎದ್ದಾಗ ಫೋನಿನಲ್ಲೇ ನೋಡಿದ್ದಳು. ಅದನ್ನು ಹೇಳುವ ಧೈರ್ಯವಾಗಲಿಲ್ಲ. ಮಗಳ ಹಣೆಯಿಂದ ಪಟ್ಟಿಯನ್ನು ತಾನೇ ಬಿಚ್ಚಿ ಮೇಜಿನ ಮೇಲಿಟ್ಟಳು. ಪಟ್ಟಿ ಕೂತಿದ್ದ ಜಾಗದಲ್ಲಿ ಚರ್ಮ ಬಿಳಿಚಿಕೊಂಡಿತ್ತು. ಮಗಳಿಗೆ ಪಟ್ಟಿ ಬೇಡವೆಂದು ಶಾಲೆಗೆ ಬರೆದು ಕೊಟ್ಟಳು, ಫೋನಿನಿಂದ ಗೆರೆಯನ್ನು ಅಳಿಸಿದಳು. ಇನ್ನು ಮಗಳನ್ನು ಅಳೆಯುವುದಿಲ್ಲ ಎಂದುಕೊಂಡಾಗ ಎದೆಯ ಭಾರ ಇಳಿದಂತೆನಿಸಿತು.

ಮರುದಿನ ಸಂಜೆ ಶಾಲೆಯ ಗೇಟಿನಲ್ಲಿ ನಿಂತು ಮಗಳ ಕೈ ಹಿಡಿದುಕೊಂಡಳು. "ಇವತ್ತ ಏನ್ ಕಲಿತಿಯವ್ವಾ?" ಎಂದು ಕೇಳಿದಳು. ಹಾಗೆ ಕೇಳುವುದಕ್ಕೆ ಯಾವ ಪಟ್ಟಿಯೂ ಬೇಡ. ನಮ್ಮ ನಿಮ್ಮ ಶಾಲೆಗಳ ಗೇಟಿನ ಮುಂದೆಯೂ ದಿನಾ ಕೇಳಿಬರುವ ಪ್ರಶ್ನೆಯೇ ಅದು.

"ಚಿನ್ಮಯಿದು ಹಲ್ಲು ಬಿತ್ತು," ಎಂದಳು ಇಂಪನಾ ಉತ್ಸಾಹದಿಂದ. "ರಕ್ತಾ ಬಂದ್ರೂ ಆಕಿ ಅಳಲಿಲ್ಲ. ಹಲ್ಲಿನ ಬುಡಕ ಬೇರು ಇರಲಿಲ್ಲ ಮಮ್ಮೀ, ಎಲ್ಲಿ ಹೋತಂತ ನಾವಿಬ್ರೂ…" ತಾಯಿಯ ಮುಖ ನೋಡುತ್ತ ಅವಳು ಮಾತು ನಿಲ್ಲಿಸಿದಳು. ಸ್ನೇಹಲತಾ ಏನೂ ಅಂದಿರಲಿಲ್ಲ. ಮುಂದಿನದಕ್ಕೆ ಕಾಯುತ್ತಿದ್ದಳು, ಅಷ್ಟೇ.

"ಅಲ್ಲಲ್ಲ," ಎಂದಳು ಇಂಪನಾ. "ಹದಿಮೂರರ ಮಗ್ಗಿ ಕಲಿತೆ."

ಹದಿಮೂರರ ಮಗ್ಗಿ ಇವಳಿಗೆ ಹೋದ ವರ್ಷವೇ ಬರುತ್ತಿತ್ತು ಎಂದು ಸ್ನೇಹಲತಾಳಿಗೆ ನೆನಪಾಗುವಷ್ಟರಲ್ಲಿ ಅವಳ ಮುಖ ಆಗಲೇ ಅರಳಿಬಿಟ್ಟಿತ್ತು. ಮಗಳು ಅದನ್ನೇ ನೋಡುತ್ತಿದ್ದಳು.

"ಹದಿನಾಕರದೂ," ಎಂದಳು.