ತೊಟ್ಟಿಲ ಮೇಲಿನ ಹಂಚು

"ಬಾಕಿ ಎಲ್ಲ ರಿಪೇರಿ ಮಾಡಿ ರಾಯರೇ, ಬೇಡ ಅನ್ನುವುದಿಲ್ಲ. ಆ ಒಂದು ಹಂಚು ಮಾತ್ರ ಹಾಕಬೇಡಿ."

ಬೇಲಿಯಾಚೆಯಿಂದ ಹೀಗೆಂದವಳು ನೆರೆಮನೆಯ ಮ್ಯಾಗ್ಡಲಿನ್ ಬಾಯಿ. ಏಣಿಯ ತುದಿಯಲ್ಲಿ ಹಂಚನ್ನು ಕಂಕುಳಿಗೆ ಒತ್ತಿಕೊಂಡು ನಿಂತಿದ್ದ ಹೃಷೀಕೇಶ ರಾಯರಿಗೆ ನಗು ತಡೆಯಲಾಗಲಿಲ್ಲ.

"ಯಾಕೆ ಬಾಯಿ, ನಕ್ಷತ್ರ ಎಣಿಸಲಿಕ್ಕಾ?"

"ತಮಾಷೆ ಅಲ್ಲ. ಅದರಲ್ಲಿ ಒಂದು ಹೆಂಗಸಿನ ಕಣ್ಣೀರು ಉಂಟು. ಮಾಟ ಮಾಡಿಸಿ ಕಟ್ಟಿದ್ದಾರೆ. ಮುಚ್ಚಿದವನ..."

"ಮುಚ್ಚಿದವನಿಗೆ ಒಳ್ಳೆಯ ಬಾಡಿಗೆ ಬರ್ತದೆ," ಎಂದು ರಾಯರೇ ಆ ಮಾತನ್ನು ಮುಗಿಸಿಕೊಟ್ಟರು. ಮ್ಯಾಗ್ಡಲಿನ್ ಬಾಯಿ ಎದೆಯ ಮೇಲೆ ಶಿಲುಬೆಯ ಗುರುತು ಮಾಡಿಕೊಂಡು ಒಳಗೆ ಹೋದಳು.

ಮನೆ ರಿಪೇರಿಯ ವಿಷಯದಲ್ಲಿ ಕುಕ್ಕುಂದೂರಿನ ರಾಯರಿಗೆ ಯಾರೂ ಬುದ್ಧಿ ಹೇಳುವಂತಿರಲಿಲ್ಲ. ಹಳೆಯ ಮನೆ ಕೊಳ್ಳುವುದು, ತೇಪೆ ಹಾಕುವುದು, ಬಾಡಿಗೆಗೆ ಕೊಡುವುದು, ಇದೇ ಅವರ ಉದ್ಯೋಗ. ಕಾರ್ಕಳದಲ್ಲಿ, ಉಡುಪಿಯಲ್ಲಿ, ವಿದ್ಯಾರ್ಥಿಗಳು ಕಿಕ್ಕಿರಿದ ಮಣಿಪಾಲದಲ್ಲಿ ಅವರ ಮನೆಗಳಿದ್ದವು. ಉಡುಪಿಗೆ ಹೋದ ದಿನ ಹೋಟೆಲಿನಲ್ಲಿ ಅವರ ಮೇಜಿನ ಸುತ್ತ ಮನೆಯಜಮಾನರ ಗುಂಪೇ ಸೇರುತ್ತಿತ್ತು. ರಾಯರು ಕಾಫಿ ಹೀರುತ್ತಾ ಪುಕ್ಕಟೆ ಸಲಹೆ ಹಂಚುತ್ತಿದ್ದರು. ಮೊದಲು ಹಂಚಿನ ಮಾಡು, ಆಮೇಲೆ ಗೋಡೆ, ಕೊನೆಗೆ ಬಣ್ಣ. ಬಚ್ಚಲಿನ ನೀರು ಎತ್ತ ಹೋಗುತ್ತದೆಂದು ನೋಡದೆ ಮುಂಗಡ ಕೊಡಬೇಡಿ. ಬಾಡಿಗೆಗೆ ಕೊಡುವ ಮುಂಚೆ ಮೊದಲ ಮಳೆಗೆ ನೀವೇ ಆ ಮನೆಯಲ್ಲಿ ಮಲಗಿ. ಸೋರುವುದು ಎಲ್ಲಿ ಎಂದು ಮಳೆಯೇ ತೋರಿಸುತ್ತದೆ. ಬಾಡಿಗೆಯವನು ಬಿಡುವುದಿಲ್ಲ ಎನ್ನುತ್ತಾನೋ? ಕೋರ್ಟಿಗೆ ಅಲೆಯಬೇಡಿ. ಅವನು ಮಲಗುವ ಜಾಗದ ಮೇಲಿನ ಒಂದೇ ಒಂದು ಹಂಚು ತೆಗೆಸಿ, ಉಳಿದದ್ದನ್ನು ಮಳೆ ನೋಡಿಕೊಳ್ಳುತ್ತದೆ. ಇದನ್ನು ಕೇಳಿ ಎಲ್ಲರೂ ಹೊಟ್ಟೆ ಹಿಡಿದು ನಗುತ್ತಿದ್ದರು. ರಾಯರಿಗೂ ಅದು ತಮ್ಮ ಜಾಣತನದ ಮಾತೆಂದೇ ಅನಿಸುತ್ತಿತ್ತು. ಯಾರಿಗೆ ಹೇಳಿದೆ, ಯಾರು ಮಾಡಿದರು ಎಂದು ಅವರು ವಿಚಾರಿಸಲು ಹೋದವರಲ್ಲ.

ಎಪ್ಪತ್ತೆಂಟನೇ ಇಸವಿಯ ಬೇಸಿಗೆಯಲ್ಲಿ ಅವರು ಕೊಂಡದ್ದು ಕಾಪುವಿನ ಈ ಮನೆ. ಹೆದ್ದಾರಿಯಿಂದ ಕಡಲ ದೀಪಸ್ತಂಭಕ್ಕೆ ಹೋಗುವ ದಾರಿಯಲ್ಲಿ, ಕೆಂಪು ಕಲ್ಲಿನ ಗೋಡೆ, ಗಟ್ಟಿ ಮರದ ಮಾಡು. ಮಾರಿದವರು ಮಧ್ವರಾಜ ಎಂಬವರು, ಕೀಲಿಕೈ ಕೊಟ್ಟು ಬೊಂಬಾಯಿಯ ಬಸ್ಸು ಹತ್ತಿಬಿಟ್ಟಿದ್ದರು. ಇಡೀ ಮಾಡಿನಲ್ಲಿ ಒಂದೇ ಕೊರತೆ. ನಡುಕೋಣೆಯ ಮೇಲೆ ಒಂದು ಹಂಚು ಇರಲಿಲ್ಲ.

ಆ ತೂತಿನ ನೇರ ಕೆಳಗೆ, ಅಡ್ಡತೊಲೆಯಲ್ಲಿ ತೊಟ್ಟಿಲು ಕಟ್ಟುವ ಕಬ್ಬಿಣದ ಕೊಂಡಿ ಇತ್ತು. ಅದರ ಕೆಳಗೆ ಮಳೆನೀರು ಬಿದ್ದು ಬಿದ್ದು ನೆಲ ಕುಳಿಯಾಗಿತ್ತು. ಮೇ ತಿಂಗಳ ಉರಿಯಲ್ಲಿ ಬಾವಿಯೇ ತಳ ಕಾಣಿಸುತ್ತಿದ್ದರೂ ಆ ಕುಳಿಯ ಪಾಚಿ ಮಾತ್ರ ಹಸಿಯಾಗಿತ್ತು. ಕೋಣೆ ತುಂಬ ಒದ್ದೆ ಬಟ್ಟೆ ಮುದ್ದೆಯಾಗಿ ಬಿದ್ದು ಹಳಸಿದ ವಾಸನೆ. ರಾಯರು ಮೂಗು ಮುಚ್ಚಿಕೊಂಡು, ಗಾಳಿಯಾಡದ ಕೋಣೆ ಎಂದು ತೀರ್ಪು ಕೊಟ್ಟಿದ್ದರು.

ಹಂಚು ಕೂರಿಸಲು ಕೈ ಚಾಚಿದಾಗ ಹಂಚಿನಡಿಯ ಮರದ ರೀಪಿಗೆ ಕಟ್ಟಿದ್ದ ಏನೋ ಬೆರಳಿಗೆ ತಗುಲಿತು. ಕರಿದಾರ ಸುತ್ತಿದ ತಾಮ್ರದ ತಗಡು. ಬಿಚ್ಚಿದರೆ ಒಳಗೆ ಒಂದು ಚಿಟಿಕೆ ಕೂದಲು. ಎಳೆಯ ಮಗುವಿನ, ರೇಶಿಮೆಯಷ್ಟು ನಯವಾದ ಕೂದಲು. ಅದೂ ಒದ್ದೆಯಾಗಿತ್ತು. ರಾಯರು ಕೈ ಕೊಡವಿ ಅದನ್ನು ಹಿತ್ತಿಲಿನಾಚೆಯ ಗದ್ದೆಗೆ ಎಸೆದರು. ಹಂಚು ಟಕ್ಕೆಂದು ಕೂತಿತು. ಕೆಳಗಿನ ಕೋಣೆ ಕತ್ತಲಾಯಿತು.

ಜೂನ್ ಹುಟ್ಟುತ್ತಲೇ ರಾಯರು ತಮ್ಮ ಪದ್ಧತಿಯಂತೆ ಸಂಸಾರವನ್ನು ಆ ಮನೆಗೆ ಕರೆತಂದರು. ಸಂಸಾರವೆಂದರೆ ಹೆಂಡತಿ ನಳಿನಾಕ್ಷಿ, ಮಗಳು ಪ್ರಭಾವತಿ. ಮದುವೆಯಾಗಿ ಬಹಳ ವರ್ಷ ಮಕ್ಕಳಿಲ್ಲದೆ, ಹರಕೆ ಹೊರದ ದೇವರಿಲ್ಲ ಎನ್ನುವಾಗ ಹುಟ್ಟಿದವಳು. ಊರಿಗೆಲ್ಲ ಬುದ್ಧಿ ಹೇಳುವ ರಾಯರು ಈ ಏಳು ವರ್ಷದ ಹುಡುಗಿ ಹೇಳಿದಂತೆ ಕುಣಿಯುತ್ತಿದ್ದರು. ಕೊಂಡಿ ನೋಡಿದವಳೇ ಅವಳು ಉಯ್ಯಾಲೆ ಬೇಕೆಂದು ಹಟ ಹಿಡಿದಳು. ರಾಯರು ಹಗ್ಗ ಕಟ್ಟಿಕೊಟ್ಟರು.

ಮೊದಲ ಮಳೆ ಹಗಲಲ್ಲೇ ಬಂತು. ಕಡಲ ಕಡೆಯಿಂದ ಎದ್ದ ಮೋಡ ಮಧ್ಯಾಹ್ನವನ್ನೇ ನುಂಗಿಹಾಕಿತು. ಕರೆಂಟು ಹೋಯಿತು. ಹಂಚಿನ ಮೇಲೆ ಮಳೆ ಧೋ ಎಂದು ಹುಯ್ಯುತ್ತಿರಲು ರಾಯರು ಟಾರ್ಚು ಹಿಡಿದು ಕೋಣೆಯಿಂದ ಕೋಣೆಗೆ ನಡೆದರು. ಗೋಡೆ ತಟ್ಟಿದರು. ಮೂಲೆ ಮುಟ್ಟಿದರು. ಎಲ್ಲೂ ಒಂದು ಹನಿ ಇಲ್ಲ. "ನೋಡಿದೆಯಾ?" ಎಂದು ಹೆಂಡತಿಯ ಮುಂದೆ ಮೀಸೆ ತಿರುವಿದರು.

ಆಗ ಕೇಳಿಸಿತು. ಟಪ್.

ನಡುಕೋಣೆಯಲ್ಲಿ. ರಾಯರು ಓಡಿದರು. ನೆಲ ಒಣಗಿತ್ತು. ಮಾಡು ಒಣಗಿತ್ತು. ಟಪ್. ಪ್ರಭಾ ಉಯ್ಯಾಲೆಯಿಂದ ಇಳಿದು ಅಡುಗೆಮನೆಗೆ ನಡೆದಳು. ಸದ್ದೂ ಅಡುಗೆಮನೆಗೆ ಹೋಯಿತು. ಅವಳು ಜಗಲಿಗೆ ಬಂದಳು. ಸದ್ದೂ ಜಗಲಿಗೆ ಬಂತು. ಹಳಸಿದ ಬಟ್ಟೆಯ ಆ ವಾಸನೆ ಮತ್ತೆ ಎದ್ದಿತು.

"ಪ್ರಭಾ, ಇಲ್ಲಿ ಬಾ ಮಗಾ."

ರಾಯರು ಮೊಣಕಾಲೂರಿ ಮಗಳ ಎದೆಗೆ ಕಿವಿ ಕೊಟ್ಟರು. ಒಳಗೆ ಮಳೆ ಹನಿಯುತ್ತಿತ್ತು. ಟಪ್. ಟಪ್. ಟಪ್.

"ಅಪ್ಪ, ಎದೆ ಭಾರ ಆಗ್ತದೆ," ಎಂದಳು ಪ್ರಭಾ. ಕೆಮ್ಮಿದಳು. ಬಾಯಿಂದ ನೀರು ಬಂತು. ಬೊಗಸೆ ತುಂಬುವಷ್ಟು ನೀರು. ಅದರಲ್ಲಿ ಪಾಚಿಯ ಎಳೆಗಳಿದ್ದವು.

ಬಾಡಿಗೆ ಕಾರು ಮಾಡಿ ಉಡುಪಿಯ ಆಸ್ಪತ್ರೆಗೆ ಮುಟ್ಟಿಸುವಷ್ಟರಲ್ಲಿ ಹುಡುಗಿಯ ತುಟಿ ನೀಲಿಯಾಗಿತ್ತು. ವೈದ್ಯರು ಎದೆಯಿಂದ ನೀರು ತೆಗೆದರು. ತೆಗೆದಷ್ಟೂ ತುಂಬಿತು. ಇದು ನಮ್ಮ ಕೈಮೀರಿದ್ದು, ತಡಮಾಡದೆ ದೊಡ್ಡ ಆಸ್ಪತ್ರೆಗೆ ಸಾಗಿಸಿ ಎಂದರು. ರಾಯರು ಮಗಳನ್ನು ಎತ್ತಿಕೊಂಡು ಸುರಿವ ಮಳೆಯಲ್ಲೇ ಅಂಗಳಕ್ಕೆ ಇಳಿದರು. ನಾಲ್ಕು ಹೆಜ್ಜೆ ಹೋಗಿರಬೇಕು. ಪ್ರಭಾ ಕಣ್ಣು ಬಿಟ್ಟಳು.

"ಅಪ್ಪ, ಈಗ ಉಸಿರು ಬರ್ತದೆ."

ನಳಿನಾಕ್ಷಿ ಅಳುತ್ತಾ ದೇವರ ಹೆಸರು ಹೇಳಿದಳು. ಡ್ರೈವರ್ ಪಾಪ, ಮಗು ನೆನೆಯುತ್ತಿದೆಯೆಂದು ಓಡಿಬಂದು ಕೊಡೆ ಬಿಡಿಸಿ ಹಿಡಿದ. ಮಗುವಿನ ಗಂಟಲು ಗೊರಗೊರ ಎಂದಿತು. ಕಣ್ಣು ಮೇಲಾಯಿತು. ರಾಯರು ಕೊಡೆಯನ್ನು ತಳ್ಳಿದರು. ಉಸಿರು ಬಂತು. ಕಾರಿನೊಳಗೆ ಕೂರಿಸಿದರು. ಮತ್ತೆ ನೀರು. ಹೊರಗೆಳೆದರು. ಮತ್ತೆ ಉಸಿರು. ತಲೆಯ ಮೇಲೆ ಮರೆ ಬಂದರೆ ಮಗಳ ಉಸಿರು ಕಟ್ಟುತ್ತದೆಂದು ಮಳೆಯ ಕೆಳಗೆ ನಿಂತ ರಾಯರಿಗೆ ತಿಳಿಯಿತು, ಯಾಕೆಂದು ತಿಳಿಯಲಿಲ್ಲ.

ಎಲ್ಲಿಯ ದೊಡ್ಡ ಆಸ್ಪತ್ರೆ? ಅದರ ಮೇಲೂ ಒಂದು ಮಾಡು ಇತ್ತು.

ಹಿಂಬದಿ ತೆರೆದ ಲಾರಿಯಲ್ಲಿ ಅವರು ಕಾಪುವಿಗೆ ಮರಳಿದರು. ರಾಯರು ನೇರ ಏಣಿ ಹತ್ತಿ ಆ ಹಂಚನ್ನು ಕಿತ್ತು ಅಂಗಳಕ್ಕೆ ಬಿಸಾಡಿದರು. ಮಗುವನ್ನು ಒಳಗೆ ತಂದರೆ ಏನೂ ಬದಲಾಗಿರಲಿಲ್ಲ. ತಗಡು ಹುಡುಕಿಕೊಂಡು ಗದ್ದೆಯ ಕೆಸರಿನಲ್ಲಿ ಮೊಣಕೈವರೆಗೆ ತಡಕಾಡಿದರು. ಸಿಕ್ಕಲಿಲ್ಲ. ಬೇಲಿಯಾಚೆ ಮ್ಯಾಗ್ಡಲಿನ್ ಬಾಯಿ ನಿಂತಿದ್ದಳು. ಅಂದು ಮುಗಿಯದ ಮಾತನ್ನು ಈಗ ಮುಗಿಸಿದಳು.

"ಮುಚ್ಚಿದವನ ಮಗುವಿಗೆ ಸೂರು ಇರಬಾರದು. ಹಾಗೆ ಕಟ್ಟಿಸಿದ್ದು ರಾಯರೇ. ಕಟ್ಟಿಸಿದವಳು ಮಟ್ಟುವಿನಲ್ಲಿದ್ದಾಳೆ. ರತ್ನಾವತಿ ಅಂತ."

ತಾಯಿ-ಮಗಳಿಬ್ಬರನ್ನೂ ಅಂಗಳದಲ್ಲೇ ಬಿಟ್ಟು ರಾಯರು ಮಟ್ಟುವಿಗೆ ಓಡಿದರು. ನೀರು ನಿಂತ ಗುಳ್ಳ ಬದನೆಯ ಗದ್ದೆಗಳ ಆಚೆ, ಹೊಳೆಯ ಪಕ್ಕ ಒಂದು ಗುಡಿಸಲು. ಜಗಲಿಯಲ್ಲಿ ಕೂತು ಒಣಮೀನು ಆರಿಸುತ್ತಿದ್ದ ಹೆಂಗಸು ತಲೆಯೆತ್ತಿದಳು. ಅಷ್ಟೇನೂ ವಯಸ್ಸಾಗಿರಲಿಲ್ಲ. ರಾಯರು ಹೆಸರು ಹೇಳಿ, ಕಾಪುವಿನ ಮನೆಯ ಸುದ್ದಿ ಹೇಳಿ, ಕೈ ಮುಗಿದರು. ಯಾರಿಗೂ ಮುಗಿದ ಕೈಗಳಲ್ಲ ಅವು.

"ಕುಕ್ಕುಂದೂರಿನ ರಾಯರು ಅಂದರೆ ನೀವಾ?" ಎಂದಳು ರತ್ನಾವತಿ. ಕೈಯಲ್ಲಿದ್ದ ಮೀನನ್ನು ಕೆಳಗಿಟ್ಟಳು. "ನಾನು ಆ ಮನೆಯಲ್ಲಿ ಬಾಡಿಗೆಗಿದ್ದೆ. ಬಾಣಂತಿ. ಮಳೆಗಾಲ ಕಳೆದು ಬಿಡ್ತೇನೆ ಅಂದೆ. ಮಧ್ವರಾಜಯ್ಯ ಕೇಳಲಿಲ್ಲ, ತೊಟ್ಟಿಲ ಮೇಲಿನ ಹಂಚು ತೆಗೆಸಿದರು. ತೊಟ್ಟಿಲು ಅತ್ತ ಕಟ್ಟುವ ಅಂದರೆ ಬೇರೆ ಕೊಂಡಿ ಇಲ್ಲ. ನೆಲದಲ್ಲಿ ಮಲಗಿಸುವ ಅಂದರೆ ನೆಲವೆಲ್ಲ ನೀರು. ಮಗು ಹೋಯಿತು. ಯಾಕೆ ಹೀಗೆ ಮಾಡಿದಿರಿ ಅಂತ ಅವರ ಕಾಲ ಬುಡದಲ್ಲಿ ಬಿದ್ದು ಕೇಳಿದೆ. ನನ್ನ ಬುದ್ಧಿ ಅಲ್ಲ, ಕುಕ್ಕುಂದೂರಿನ ರಾಯರು ಹೇಳಿಕೊಟ್ಟ ಉಪಾಯ ಅಂದರು."

ರಾಯರಿಗೆ ಹೋಟೆಲಿನ ಮೇಜು, ಕಾಫಿಯ ಹಬೆ, ನಗುತ್ತಿದ್ದ ಮುಖಗಳು ನೆನಪಾದವು. ಅವುಗಳಲ್ಲಿ ಮಧ್ವರಾಜರ ಮುಖ ಯಾವುದು? ಎಷ್ಟು ಯೋಚಿಸಿದರೂ ನೆನಪಾಗಲಿಲ್ಲ.

"ಬಿಡಿಸು ತಾಯಿ. ನನ್ನ ಮೇಲೆ ಹಾಕು. ಮಗು ಏನು ಮಾಡಿದೆ?"

"ನನ್ನದು ಏನು ಮಾಡಿತ್ತು?" ಎಂದಳು ಅವಳು. ಸಿಟ್ಟಿರಲಿಲ್ಲ, ಸುಸ್ತಿತ್ತು. "ಕಟ್ಟಿದ ಮಂತ್ರವಾದಿ ಸತ್ತ. ಬಿಚ್ಚುವುದು ನನಗೆ ಗೊತ್ತಿಲ್ಲ. ಗೊತ್ತಿದ್ದರೆ ಬಿಚ್ಚುತ್ತಿದ್ದೆ ಅಯ್ಯ, ದೇವರಾಣೆ." ಅವಳ ಕೈ ಮತ್ತೆ ಮೀನಿನ ಮೇಲೆ ಹೋಯಿತು. ರಾಯರು ಹೊರಡುವಾಗ ತಲೆಯೆತ್ತದೆ ಕೇಳಿದಳು. "ಜ್ವರ ಬಂತಾ?"

"ಇಲ್ಲ."

"ನನ್ನದಕ್ಕೂ ಮೊದಲು ಇರಲಿಲ್ಲ."

ಕುಕ್ಕುಂದೂರಿನ ಸ್ವಂತ ಮನೆಯ ಅಂಗಳದಲ್ಲಿ ಮಂಚ ಹಾಕಿದರು. ಪ್ರಭಾ ಅಲ್ಲೇ ಉಂಡಳು, ಅಲ್ಲೇ ಮಲಗಿದಳು. ಮಳೆ ತಡೆಯುವ ಓಲೆಯ ಗೊರಬೆಯನ್ನೂ ತಲೆಗೆ ಇಡುವಂತಿಲ್ಲ, ಮುಖದ ಮೇಲೆ ಸೆರಗು ಹಿಡಿಯುವಂತಿಲ್ಲ. ನಳಿನಾಕ್ಷಿ ಪಕ್ಕದಲ್ಲಿ ನೆನೆಯುತ್ತಾ ಕೂತಿದ್ದಳು. ಅವಳು ಗಂಡನನ್ನು ಬೈಯಲಿಲ್ಲ. ಬೈದಿದ್ದರೆ ರಾಯರಿಗೆ ಎಷ್ಟೋ ಹಗುರವಾಗುತ್ತಿತ್ತು. ಮಳೆ ಬಿಟ್ಟಾಗ ಮಗಳ ಮೈ ಒರೆಸಿ ಒಣ ಬಟ್ಟೆ ಹಾಕುವರು. ಗುಂಡಿ ಹಾಕಿ ಮುಗಿಯುವ ಮುಂಚೆ ಮಳೆ ಮತ್ತೆ ಹಿಡಿಯುವುದು. ಬಂದ ಮಂತ್ರವಾದಿಗಳೆಲ್ಲ ಮಗುವಿನ ಎದೆಗೆ ಕಿವಿ ಕೊಟ್ಟು, ದಕ್ಷಿಣೆ ಮುಟ್ಟದೆ ಎದ್ದುಹೋದರು.

ಒಂದು ಸಂಜೆ ನಳಿನಾಕ್ಷಿ ಗಂಜಿ ತರಲು ಒಳಗೆ ಹೋಗಿದ್ದಳು. ಒಣ ಟವೆಲು ತರಲು ರಾಯರೂ ಒಳಗೆ ಹೋದರು. ಆಗಲೇ ಕಾರ್ಕಳದ ಲಿಯೋನೆಲ್ ಬಂದ. ಅವನಿಗೂ ಪೇಟೆಯಲ್ಲಿ ಬಾಡಿಗೆಗೆ ಕೊಟ್ಟ ಮನೆಯಿತ್ತು. ಈ ಮನೆಯ ಸುದ್ದಿ ಅವನಿಗೆ ಮುಟ್ಟಿರಲಿಲ್ಲ. ಗೇಟು ದಾಟಿದವನಿಗೆ ಕಂಡದ್ದು, ಸುರಿವ ಮಳೆಯಲ್ಲಿ ಒಬ್ಬಳೇ ಕೂತ ಹುಡುಗಿ. ಅಯ್ಯೋ ಎನಿಸಿತು. ತನ್ನ ಕೊಡೆಯನ್ನು ಅವಳ ತಲೆಯ ಮೇಲೆ ಹಿಡಿದ.

ಬಾಗಿಲಿಗೆ ಬಂದ ರಾಯರು ನೋಡಿದರು. ಕೂಗಿದರು. ಮಳೆಯಲ್ಲಿ ಕೂಗು ಕೇಳಿಸಲಿಲ್ಲ. ಮಗುವಿನ ಕೈ ಗಂಟಲಿಗೆ ಹೋಯಿತು. ರಾಯರು ಮೆಟ್ಟಿಲು ಹಾರಿದರು. ಜಾರಿದರು. ಬಿದ್ದರು. ಎದ್ದರು. ಮಗುವಿನ ಕಾಲು ಮಂಚಕ್ಕೆ ಬಡಿಯುತ್ತಿತ್ತು. ಬಾಯಿಂದ ನೀರು. ಮೂಗಿನಿಂದ ನೀರು. ಲಿಯೋನೆಲ್ ಗಾಬರಿಯಿಂದ ಕೊಡೆಯನ್ನು ಇನ್ನೂ ಹತ್ತಿರಕ್ಕೆ ತಂದ. ರಾಯರು ಅವನ ಮೈಮೇಲೆ ಬಿದ್ದು ಕೊಡೆ ಕಿತ್ತು ಎಸೆದರು.

ಮಳೆ ಮಗುವಿನ ಮುಖಕ್ಕೆ ಬಿತ್ತು. ಉಸಿರು ಬಂತು.

"ನೆನೆಯುತ್ತಾ ಉಂಟಲ್ಲ ಮಾರಾಯ್ರೇ ಪಾಪದ್ದು..." ಎಂದ ಲಿಯೋನೆಲ್, ಕಕ್ಕಾಬಿಕ್ಕಿಯಾಗಿ. ಆಮೇಲೆ ಬಂದ ಕೆಲಸ ಹೇಳಿದ. "ನನ್ನ ಬಾಡಿಗೆಯವ ಬಿಡುವುದಿಲ್ಲ ರಾಯರೇ. ನೀವು ಹೋಟೆಲಿನಲ್ಲಿ ಒಂದು ಉಪಾಯ ಹೇಳಿದ್ದಿರಲ್ಲ. ಯಾವ ಹಂಚು ತೆಗೆದರೆ ಒಳ್ಳೆಯದು ಅಂತ ಕೇಳುವ ಅಂತ ಬಂದೆ."

ರಾಯರು ಮಂಚದ ಪಕ್ಕ ಮೊಣಕಾಲೂರಿದರು. ಅವರ ಅಂಗೈ ಮಗಳ ಹಣೆಯ ಮೇಲಿತ್ತು. ಅಷ್ಟು ತಣ್ಣನೆಯ ಮಳೆ ಬೀಳುತ್ತಿದ್ದರೂ ಹಣೆ ಸುಡುತ್ತಿತ್ತು.

"ಅಪ್ಪ, ಚಳಿಯಾಗ್ತದೆ," ಎಂದಳು ಪ್ರಭಾ. "ಒಳಗೆ ಹೋಗುವಾ."

ರಾಯರು ಮನೆಯ ಕಡೆ ನೋಡಿದರು. ಆ ಮಾಡನ್ನು ಅವರೇ ಮುಂದೆ ನಿಂತು ಹೊದಿಸಿದ್ದರು. ಎಲ್ಲೂ ಒಂದು ಹನಿ ಸೋರುತ್ತಿರಲಿಲ್ಲ.