ಎಡಕ್ಕೆ ಎರಡು ಸಲ

ಹಳೆಯ ಪುಸ್ತಕಗಳಿಗೆ ರಟ್ಟು ಕಟ್ಟಲು ಬಂದ ಬೈಂಡರು ಲೈಬ್ರರಿಯ ಹಿಂದಿನ ಕೋಣೆಯಲ್ಲಿ ಕೂತು ಮೂರು ತಿಂಗಳಾಗಿತ್ತು. ಸೂಜಿಗೆ ದಾರ ಪೋಣಿಸುವ ಮುನ್ನ, ಕಿವಿಗೆ ನೀರು ಹೊಕ್ಕವನಂತೆ, ತಲೆಯನ್ನು ಎಡಕ್ಕೆ ಎರಡು ಸಲ ವಾಲಿಸುತ್ತಿದ್ದ. ಅದು ಅವನಿಗೇ ಗೊತ್ತಿರಲಿಲ್ಲ. ಅಲ್ಲಿನ ಲೈಬ್ರೇರಿಯನ್‌ಗೆ ಗೊತ್ತಿತ್ತು. ಹರಿದ ಪುಸ್ತಕ ಕೊಡುವ ನೆಪದಲ್ಲಿ ಅವಳು ದಿನಕ್ಕೆ ನಾಲ್ಕು ಸಲ ಆ ಕೋಣೆಗೆ ಹೋಗುತ್ತಿದ್ದಳು.

"ಇದು ಹರಿದೇ ಇಲ್ವಲ್ಲ," ಅಂದ ಒಂದು ದಿನ.

"ಹರಿಯೋ ಹಾಗಿದೆ."

ಅವನು ಪುಸ್ತಕ ತೆಗೆದುಕೊಂಡ. ಕಣ್ಣು ಮಾತ್ರ ಅವಳ ಮುಖ ಬಿಟ್ಟು ಕದಲಲಿಲ್ಲ. ಕೌಂಟರಿಗೆ ವಾಪಸಾಗುವಷ್ಟರಲ್ಲಿ ಅವಳ ಕಿವಿ ಬಿಸಿಯಾಗಿತ್ತು. ಆ ಸಂಜೆಯಿಂದ ಇಬ್ಬರೂ ಬಸ್‌ಸ್ಟಾಪಿನವರೆಗೆ ಜೊತೆಯಲ್ಲೇ ನಡೆಯತೊಡಗಿದರು.

ಶನಿವಾರ, ಓದಿದ ಪುಸ್ತಕ ಹಿಂತಿರುಗಿಸಲು ಅವಳ ಅಮ್ಮ ಬಂದಳು. ಮಗಳು ಹೆಮ್ಮೆಯಿಂದ ಹಿಂದಿನ ಕೋಣೆ ತೋರಿಸಲು ಕರೆದೊಯ್ದಳು. ಬೈಂಡರು ಸೂಜಿ ಎತ್ತಿಕೊಂಡಿದ್ದ. ಅಮ್ಮ ಬಾಗಿಲಲ್ಲೇ ನಿಂತಳು, ನೋಡಿದಳು, ತಲೆನೋವೆಂದು ಹೇಳಿ ಮನೆಗೆ ಹೊರಟುಬಿಟ್ಟಳು.

ಸಂಜೆ ಅಡುಗೆಮನೆಯಲ್ಲಿ ಅಮ್ಮ ಬೆನ್ನು ತಿರುಗಿಸಿಕೊಂಡೇ ಕೇಳಿದಳು, "ಆ ಹುಡುಗನಿಗೆ ಎಷ್ಟು ವಯಸ್ಸು?"

"ಇಪ್ಪತ್ತೇಳು. ನನಗಿಂತ ಮೂರು ವರ್ಷ ಚಿಕ್ಕವನು. ಅದಕ್ಕಾ?"

ಅದಕ್ಕಲ್ಲ. ಮಗಳಿಗೆ ಎರಡು ವರ್ಷವಿದ್ದಾಗ ಮನೆ ಬಿಟ್ಟುಹೋದ ಗಂಡ ಕೂಡ ಬೈಂಡರೇ. ಅವನೂ ಸೂಜಿ ಹಿಡಿದರೆ ಹೀಗೇ, ಎಡಕ್ಕೆ ಎರಡು ಸಲ. ಬೇರೆ ಊರಲ್ಲಿ ಇನ್ನೊಬ್ಬಳ ಜೊತೆ ಸಂಸಾರ ಹೂಡಿದ್ದಾನೆ, ಗಂಡುಮಗುವೂ ಆಗಿದೆ ಎಂದು ಜನ ಆಡಿಕೊಂಡದ್ದನ್ನು ಅಮ್ಮ ಇಷ್ಟು ವರ್ಷ ಹೊಟ್ಟೆಯಲ್ಲಿ ಹಾಕಿಕೊಂಡಿದ್ದಳು. ಈಗ ಮಗಳಿಗೆ ಅದೆಲ್ಲ ಹೇಳಿದಳು.

"ರಕ್ತದಲ್ಲಿ ಬರೋದು ಕಣೇ ಇಂಥದ್ದೆಲ್ಲ," ಅಂದಳು ಅಮ್ಮ. "ಯಾರೂ ಕಲಿಸೋದಲ್ಲ."

ನಾಲ್ಕು ದಿನ ಮಗಳು ಹಿಂದಿನ ಕೋಣೆಯತ್ತ ತಲೆ ಹಾಕಲಿಲ್ಲ. ಸಂಜೆ ಬೇರೆ ಬಾಗಿಲಿನಿಂದ ಹೋದಳು. ಒಂದು ಮಾತು ಕೇಳಿದರೆ ಮುಗಿಯುತ್ತಿತ್ತು. ಆದರೆ ಉತ್ತರ ಹೌದು ಎಂದಾದರೆ ಆ ನೋಟವನ್ನು, ಆ ನಡಿಗೆಯನ್ನು ಎಲ್ಲಿಟ್ಟುಕೊಳ್ಳುವುದು?

ಐದನೆಯ ದಿನ ಮಧ್ಯಾಹ್ನ ಅವನೇ ಬಂದ. ಓದುವ ಕೋಣೆಯಲ್ಲಿ ಅವಳನ್ನು ಬಿಟ್ಟರೆ ಯಾರೂ ಇರಲಿಲ್ಲ. ಎದುರಿನ ಕುರ್ಚಿಯಲ್ಲಿ ಕೂತು, ತನ್ನಿಂದ ಏನಾದರೂ ತಪ್ಪಾಯಿತೇ ಎಂದು ಮೆಲ್ಲಗೆ ಕೇಳಿದ. ಅವಳು ತೆರೆದಿಟ್ಟ ಪುಟದಿಂದ ಕಣ್ಣೆತ್ತದೆ ಕೇಳಿದಳು:

"ನಿಮ್ಮ ಅಪ್ಪನೂ ಬೈಂಡರಾ?"

"ಅಪ್ಪ ಬಸ್ ಓಡಿಸ್ತಿದ್ರು. ಈಗ ರಿಟೈರಾಗಿ ಮನೇಲಿ ಅಮ್ಮನ ತಲೆ ತಿಂತಿದಾರೆ. ಯಾಕೆ?"

ಅವಳು ತಲೆ ವಾಲಿಸುವುದರ ಬಗ್ಗೆ ಹೇಳಿದಳು. ಅವನಿಗೆ ನಗು ಬಂತು. ಅದು ತನಗೆ ಕೆಲಸ ಕಲಿಸಿದ ಮೇಸ್ತ್ರಿಯ ಅಭ್ಯಾಸವಂತೆ. ಎಂಟು ವರ್ಷ ಅವರ ಎದುರಿಗೆ ಕೂತು ಹೊಲಿದು ಹೊಲಿದು ತನಗೂ ಅಂಟಿಕೊಂಡಿರಬೇಕು ಎಂದ. ಮೇಸ್ತ್ರಿಯ ಹೆಸರು ಕೇಳಿದಳು. ಅವನು ಹೇಳಿದ. ಅವಳ ಶಾಲೆಯ ಸರ್ಟಿಫಿಕೇಟಿನಲ್ಲಿ ತಂದೆಯ ಹೆಸರು ಎಂಬಲ್ಲಿ ಇದ್ದದ್ದು ಅದೇ.

ಎದೆಯ ಮೇಲಿನ ಚಪ್ಪಡಿಯನ್ನು ಯಾರೋ ಎತ್ತಿ ಬದಿಗಿಟ್ಟಂತಾಯಿತು. ಉಸಿರು ತಾನಾಗಿಯೇ ಬಂತು, ಜೊತೆಗೆ ಕಣ್ಣೀರೂ. ಅವಳು ಎಲ್ಲವನ್ನೂ ಹೇಳಿದಳು.

ಮೇಸ್ತ್ರಿ ತೀರಿಹೋಗಿ ಎರಡು ವರ್ಷವಾಯಿತೆಂದ. ಅಂಗಡಿಯ ಮೇಲಿನ ಕೋಣೆಯಲ್ಲಿ ಒಬ್ಬರೇ ಇದ್ದರು, ಸಂಸಾರ ಅಂತ ಯಾವುದೂ ಇರಲಿಲ್ಲ.

"ನಿಮ್ಮ ಹತ್ರಾನೂ ಮೇಸ್ತ್ರಿದು ಒಂದಿದೆ," ಅಂದ ಆಮೇಲೆ. "ಓದ್ತಾ ಕೂತ್ರೆ ಚಪ್ಪಲಿ ಬಿಟ್ಟು, ಬಲಗಾಲಿನ ಹೆಬ್ಬೆರಳಿಂದ ಎಡ ಹಿಮ್ಮಡಿ ಉಜ್ಜಿಕೊಳ್ತೀರಿ. ಅವರೂ ಥೇಟ್ ಹಾಗೇ."

ಅವಳು ಮೇಜಿನ ಕೆಳಗೆ ಬಗ್ಗಿ ನೋಡಿದಳು. ಚಪ್ಪಲಿ ಆಚೆ ಬಿದ್ದಿತ್ತು; ಹೆಬ್ಬೆರಳು ಹಿಮ್ಮಡಿಯ ಮೇಲೇ ಇತ್ತು. ಮುಖವೇ ನೆನಪಿಲ್ಲದ ಅಪ್ಪ!

"ಮೂರು ತಿಂಗಳಿಂದ ನನ್ನ ಕಾಲು ನೋಡ್ತಿದ್ರಾ?"

"ಮೊದಲನೇ ವಾರ ಕಾಲು," ಅಂದ ಅವನು. "ಆಮೇಲೆ ಮುಖ. ಈ ನಾಲ್ಕು ದಿನ ಎರಡೂ ಇಲ್ದೆ ಒಂದು ಪುಸ್ತಕಾನೂ ನೆಟ್ಟಗೆ ಹೊಲಿಯೋಕಾಗಿಲ್ಲ."

ಅಮ್ಮನಿಗೆ ಸಂಜೆ ಹೇಳಿದಾಗ ಅವಳು ಸ್ಟೂಲು ಎಳೆದುಕೊಂಡು ಕೂತಳು. ಸಾವಿನ ಸುದ್ದಿಗೆ ಸೆರಗಿನಿಂದ ಕಣ್ಣೊರೆಸಿಕೊಂಡಳು. "ಇನ್ನೊಬ್ಬಳು ಇರಲಿಲ್ವಂತಾ?" ಎಂದು ಎರಡೆರಡು ಸಲ ಕೇಳಿದಳು. ಮತ್ತೆ ಯಾಕೆ ಹೋದ ಎಂಬುದಕ್ಕೆ ಉತ್ತರ ಹೇಳುವವರು ಯಾರೂ ಉಳಿದಿರಲಿಲ್ಲ. ಆದರೂ ಅವತ್ತು ಅಮ್ಮ ಹೊಟ್ಟೆ ತುಂಬ ಉಂಡಳು. ತಟ್ಟೆ ತೊಳೆಯುತ್ತ, ಆ ಹುಡುಗನನ್ನು ಮನೆಗೆ ಕರೆಯಲು ಹೇಳಿದಳು.

ಮರುದಿನ ಅವಳು ಬರಿಗೈಯಲ್ಲೇ ಹಿಂದಿನ ಕೋಣೆಗೆ ಹೋದಳು.

"ಭಾನುವಾರ ಅಮ್ಮ ಊಟಕ್ಕೆ ಕರೆದಿದಾರೆ. ಬಾ."

ಅವನ ಕೈಯಲ್ಲಿನ ದಾರ ನಿಂತಿತು.

"ಬಾ ಅಂದ್ರಾ?"

"ಬಾ ಅಂದೆ."

"ಬರ್ತೀನಿ," ಅಂದ ಅವನು. ಆಮೇಲೆ, ಹೊಸ ಮಾತೊಂದನ್ನು ಮೊದಲ ಸಲ ಬಾಯಿಗೆ ತಂದುಕೊಳ್ಳುವವನಂತೆ ಮೆಲ್ಲಗೆ ಕೇಳಿದ, "ನೀನು ಮನೇಲೇ ಇರ್ತೀಯ ತಾನೇ?"