ಮೂರು ದಿನದ ಕಾವು

ಇನ್ಸ್‌ಪೆಕ್ಟರಮ್ಮ ಪಂಚನಾಮೆಯ ಮೂರನೇ ಪುಟಕ್ಕೆ ಸಹಿ ಹಾಕುತ್ತಿದ್ದಾಗ ಬೆಳಗಿನ ಹತ್ತೂ ನಲವತ್ತು. ಅಡುಗೆ ಕೆಲಸದ ಹೆಂಗಸೊಬ್ಬಳ ಮನೆಯಲ್ಲಿ ಕಳುವಿನ ಕಿವಿಯೋಲೆ ಸಿಕ್ಕಿತೆಂದು ಹೆಡ್ ಕಾನ್‌ಸ್ಟೆಬಲ್ ಠಾಣೆಯಲ್ಲೇ ಕೂತು ಬರೆದದ್ದು. ಆ ಮನೆಯನ್ನು ಇನ್ಸ್‌ಪೆಕ್ಟರಮ್ಮ ನೋಡಿರಲಿಲ್ಲ. ಪಂಚರು ನೋಡಿದ್ದೂ ಅನುಮಾನವೇ. ನಾಲ್ಕನೇ ಪುಟ ತಿರುವುವಷ್ಟರಲ್ಲಿ ಒಬ್ಬ ದರ್ಜಿಯ ಹೆಂಡತಿ ಬಂದು ಮಾತ್ರೆ ಪಟ್ಟಿಗಳ ಕಟ್ಟನ್ನು ಮೇಜಿನ ಮೇಲಿಟ್ಟಳು.

ಗಂಡನಿಗೆ ರಕ್ತದೊತ್ತಡ. ಎರಡು ಔಷಧಿ ಒಂದರಲ್ಲೇ ಸೇರಿದ ಮಾತ್ರೆ, ಒಂದು ದಿನವೂ ತಪ್ಪಿಸಿಲ್ಲ. ಆದರೂ ಲಕ್ವ ಹೊಡೆದು ಬಲಗೈ ಬಿದ್ದುಹೋಗಿದೆ.

"ಕತ್ತರಿ ಹಿಡಿಯೋ ಕೈ ಮೇಡಂ. ನಾನೇ ಮಾತ್ರೆ ಕೊಡೋದು ಮರೆತೆ ಅಂತಾರೆ ಅತ್ತೆ."

ಎಫ್‌ಐಆರ್ ದಾಖಲಾಯಿತು. ಉಳಿದ ಮಾತ್ರೆಗಳು ಸರ್ಕಾರಿ ಪ್ರಯೋಗಾಲಯಕ್ಕೆ ಹೋದವು. ಒಂಬತ್ತನೇ ದಿನ ವರದಿ ಬಂತು: ಎರಡನೇ ಔಷಧಿ ಮುಕ್ಕಾಲು ಪಾಲು ಕೆಟ್ಟಿದೆ. ಮಾತ್ರೆ ತಯಾರಿಸಿದ ಕಾರ್ಖಾನೆಯ ಪರೀಕ್ಷೆಯಲ್ಲಿ ಮಾತ್ರ ಅದಕ್ಕೆ ನೂರಕ್ಕೆ ತೊಂಬತ್ತೊಂಬತ್ತು.

ಮರುದಿನ ಕಾರ್ಖಾನೆಗೆ ಹೋದ ಇನ್ಸ್‌ಪೆಕ್ಟರಮ್ಮನಿಗೆ ಅಲ್ಲಿನ ಪ್ರಯೋಗಾಲಯದ ಮುಖ್ಯಸ್ಥ ಬೆವರೊರೆಸಿಕೊಳ್ಳುತ್ತ ವಿವರಿಸಿದ. ಬೆರೆತ ಎರಡು ಔಷಧಿಗಳಲ್ಲಿ ಯಾವುದು ಎಷ್ಟಿದೆ ಎಂದು ಅಳೆಯಲು ಮೊದಲು ಒಂದು ವಿಧಾನ ಕಟ್ಟಬೇಕು. ಮಾತ್ರೆಯನ್ನು ಮೂರು ದಿನ ಕಾವಿನಲ್ಲಿಟ್ಟು ಬೇಕೆಂದೇ ಕೆಡಿಸಿ, ಕೆಟ್ಟದ್ದು ಬೇರೆಯಾಗಿ ಕಾಣುತ್ತದೆಯೇ ಎಂದು ದಿನವೂ ನೋಡಬೇಕು. ಕಾಣದಿದ್ದರೆ ಅಳೆಯುವ ಯಂತ್ರ ಅದನ್ನೂ ಒಳ್ಳೆಯದರ ಜೊತೆಗೇ ಎಣಿಸಿಬಿಡುತ್ತದೆ. ಕಡತದಲ್ಲಿ ಯಂತ್ರ ಬರೆದುಕೊಟ್ಟ ಮೂರೂ ದಿನದ ನಕ್ಷೆಗಳಿದ್ದವು.

ಕಾನ್‌ಸ್ಟೆಬಲ್ ಉಗ್ರಾಣದ ಪುಸ್ತಕ ತಂದ. ಯಂತ್ರ ನಿಮಿಷಕ್ಕೊಂದು ಮಿಲಿಲೀಟರ್ ದ್ರಾವಣ ಕುಡಿಯುತ್ತದೆ. ದಿನಕ್ಕೆ ಹತ್ತು ಓಟ, ಓಟಕ್ಕೆ ಇಪ್ಪತ್ತು ನಿಮಿಷ. ಮೊದಲ ದಿನ ಸೀಸೆಯಲ್ಲಿ ಇನ್ನೂರು ಇಳಿದಿತ್ತು. ಆಮೇಲಿನ ಎರಡು ದಿನ ಒಂದು ತೊಟ್ಟೂ ಇಳಿದಿರಲಿಲ್ಲ.

"ನಮ್ಮ ಜೀಪಿನ ಉಲ್ಟಾ ಮೇಡಂ," ಅಂದ. "ಅದು ಓಡದೇ ಕುಡಿಯುತ್ತೆ. ಇದು ಕುಡೀದೇ ಓಡಿದೆ."

ಆ ವಿಧಾನ ಕಟ್ಟಿದವಳು ಐವತ್ತು ದಾಟಿದ ಪರೀಕ್ಷಕಿ. ಅಲ್ಲಿ ಎಲ್ಲರಿಗೂ ಅಕ್ಕ. ಮೂರೂ ಕಾಲಿಗೆ ವಿಚಾರಣೆ.

"ಎರಡನೇ ದಿನ ಎಲ್ಲಿದ್ರಿ?"

"ಇಲ್ಲೇ."

"ಯಂತ್ರ ಓಡಿಲ್ಲ."

ಅಕ್ಕ ಬಿಳಿ ಕೋಟಿನ ತೋಳನ್ನು ಮಡಿಸಿದಳು, ಬಿಚ್ಚಿದಳು.

"ಮೊದಲನೇ ದಿನ ಸರಿ ಬಂದಿತ್ತು. ಮಿಕ್ಕಿದ್ದೂ ಹಾಗೇ ಬರುತ್ತೆ ಅಂದ್ಕೊಂಡೆ. ಅದೇ ನಕ್ಷೆಗೆ ತಾರೀಖು ಬದಲಾಯಿಸಿ ಹಾಕ್ದೆ."

ನಾಲ್ಕೂ ಐವತ್ತಕ್ಕೆ ಬಂಧನ. ಉಳಿದದ್ದನ್ನು ಜೀಪಿನಲ್ಲಿ ಯಾರೂ ಕೇಳದೆಯೇ ಹೇಳಿದಳು. ಮಗಳ ಚೊಚ್ಚಲ ಹೆರಿಗೆ. ವರದಿ ಕೊಟ್ಟರಷ್ಟೇ ರಜೆ ಎಂದಿದ್ದ ಮುಖ್ಯಸ್ಥ. ಆ ಎರಡು ಔಷಧಿಗಳನ್ನು ನಕ್ಷೆಯಲ್ಲಿ ಬೇರೆ ಬೇರೆಯಾಗಿ ತೋರಿಸುವುದಕ್ಕೇ ಮೂರು ತಿಂಗಳು ಹಿಡಿದಿತ್ತು. ಅಮ್ಮಾ ಯಾವಾಗ ಬರ್ತೀಯಾ ಎಂದು ಮಗಳು ದಿನವೂ ಫೋನಿನಲ್ಲಿ ಅಳುತ್ತಿದ್ದಳು.

"ಪರೀಕ್ಷೆ ಮುಗಿಯೋಕೆ ಇನ್ನೆರಡೇ ದಿನ ಇತ್ತು," ಎಂದು ಕಿಟಕಿಯ ಕಡೆ ತಿರುಗಿದಳು.

ಠಾಣೆಗೆ ಬಂದು ಇನ್ಸ್‌ಪೆಕ್ಟರಮ್ಮ ದರ್ಜಿಯ ಹೆಂಡತಿಗೆ ಫೋನು ಮಾಡಿ, ಅತ್ತೆಗೂ ಕೇಳಿಸುವ ಹಾಗೆ ಹಿಡಿಯಲು ಹೇಳಿದರು.

"ನಿಮ್ಮ ಸೊಸೆ ಮರೆತಿರ್ಲಿಲ್ಲ ಅಮ್ಮ. ಮಾತ್ರೇನೇ ಕೆಟ್ಟಿತ್ತು."

ಹೆಡ್ ಕಾನ್‌ಸ್ಟೆಬಲ್ ಬಾಗಿಲಲ್ಲಿ ನಿಂತಿದ್ದ. ಆ ಪಂಚನಾಮೆಯ ನಾಲ್ಕನೇ ಪುಟ ಸಹಿಯಿಲ್ಲದೆ ಹಾಗೇ ಉಳಿದಿದೆ, ನಾಳೆ ಕೋರ್ಟಿಗೆ ಹೋಗಬೇಕು ಎಂದು ನೆನಪಿಸಿದ. ಅಡುಗೆಯವಳು ಹನ್ನೆರಡು ದಿನದಿಂದ ಜೈಲಿನಲ್ಲಿದ್ದಳು.

"ಇಲ್ಲೇ ಇಡಿ," ಎಂದರು.

ಅವನು ಹೋದ ಮೇಲೆ ಪೆನ್ನಿಗೆ ಮುಚ್ಚಳ ಹಾಕಿದರು. ನಾಲ್ಕೂ ಪುಟಗಳನ್ನು ಮಡಿಸಿ ಕೈಚೀಲಕ್ಕೆ ಸೇರಿಸಿದರು. ಅಡುಗೆಯವಳ ವಿಳಾಸವನ್ನು ಚೀಟಿಯಲ್ಲಿ ಬರೆದುಕೊಂಡು ಹೊರಗೆ ಬಂದರು. ಇನ್ನೂ ಬೆಳಕಿತ್ತು. ಜೀಪು ತರಲೇ ಎಂದು ಚಾಲಕ ಎದ್ದು ನಿಂತ. ಬೇಡವೆಂದು ತಲೆಯಾಡಿಸಿ, ಮನೆಯ ದಾರಿ ಬಿಟ್ಟು ಎಡಕ್ಕೆ ತಿರುಗಿದರು.